ಟೈಪ್ಸ್ಟ್‌ನಲ್ಲಿ ಒತ್ತಕ್ಷರ ಕೆಳಸಾಲಿಗೆ ತಾಗುತ್ತಿದೆ: ಪ್ರತಿಕ್ರಿಯೆ

ಬೀದರಿನಿಂದ ಕೇಳಿದ್ದೀರಿ: ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಬಿಟ್ಟು, ಆದೇಶ ಬರೆದು ಪುಟ ಕಟ್ಟುವ ಟೈಪ್ಸ್ಟ್ ಹಿಡಿದಿದ್ದೀರಿ, ವಚನಗಳ ಕಿರುಹೊತ್ತಿಗೆಯಲ್ಲಿ ‘ರಾಷ್ಟ್ರ’ದಂಥ ಪದದ ಒತ್ತು ಕೆಳಗಿನ ಸಾಲಿಗೆ ಬಡಿಯುತ್ತಿದೆ, ಫಾಂಟೂ ಬದಲಾಗುತ್ತಿಲ್ಲ.

ಮೊದಲು ಒತ್ತಿನ ವಿಷಯ. ಪೇಜ್‌ಮೇಕರ್‌ನಲ್ಲಿ ಲೀಡಿಂಗ್ ಅಂದರೆ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡದವರೆಗಿನ ಅಳತೆ. ಟೈಪ್ಸ್ಟ್‌ನಲ್ಲಿ ಅದು ಎರಡು ಸಾಲುಗಳ ನಡುವಿನ ಖಾಲಿ ಜಾಗ ಮಾತ್ರ. ಸುಮ್ನೆ ಬಿಟ್ಟರೆ 0.65 ಎಮ್ ಇರುತ್ತದೆ (ಒಂದು ಎಮ್ ಅಂದರೆ ಫಾಂಟಿನ ಗಾತ್ರದಷ್ಟೇ ಅಳತೆ). ಅದರಲ್ಲೂ ಸಾಲಿನ ಕೆಳಅಂಚನ್ನು ಟೈಪ್ಸ್ಟ್ ಬುಡಗೆರೆಯಲ್ಲೇ, ಅಂದರೆ ಅಕ್ಷರಗಳು ಕೂರುವ ಗೆರೆಯಲ್ಲೇ, ಮುಗಿಸುತ್ತದೆ. ನಮ್ಮ ಒತ್ತುಗಳು ಬಹುಪಾಲು ಆ ಗೆರೆಯ ಕೆಳಗೇ ಅಲ್ವಾ! ಇಂಗ್ಲಿಷಿಗೆ ಸಾಕಾಗುವ ಜಾಗ ನಮಗೆ ಸಾಲುವುದಿಲ್ಲ. ಪ್ಯಾರಾಗಳ ರೂಪ ಹೇಳುವ ‘ಸೆಟ್ ಪಾರ್’ ಆದೇಶದಲ್ಲಿ ಲೀಡಿಂಗ್ 1 ಎಮ್ ಕೊಟ್ಟು ನೋಡಿ. ಕಲಬುರಗಿಯಲ್ಲಿ ಜಾತ್ರೆಯ ಹೊತ್ತಿಗೆಯೊಂದಕ್ಕೆ ನಾನು ಅಷ್ಟೇ ಇಟ್ಟಿದ್ದೆ, ವಯಸ್ಸಾದವರೂ ಆರಾಮಾಗಿ ಓದಿದರು.

ಫಾಂಟ್ ಬದಲಾಗದಿದ್ದರೆ ಹೆಚ್ಚಾಗಿ ಹೆಸರೇ ತಪ್ಪಿರುತ್ತದೆ. ಟೈಪ್ಸ್ಟ್ ನಿಲ್ಲುವುದಿಲ್ಲ, ಒಂದು ಎಚ್ಚರಿಕೆ ತೋರಿಸಿ ಬೇರೆ ಫಾಂಟ್ ಹಾಕಿಕೊಂಡು ಮುಂದೆ ಹೋಗುತ್ತದೆ. ಕಮಾಂಡ್ ಸಾಲಿನಲ್ಲಿ ‘ಟೈಪ್ಸ್ಟ್ ಫಾಂಟ್ಸ್’ ಕೊಟ್ಟರೆ ಸರಿಯಾದ ಹೆಸರುಗಳ ಪಟ್ಟಿ ಬರುತ್ತದೆ. ಅಲ್ಲಿರುವ ಹಾಗೆಯೇ ಬರೆಯಿರಿ. ನಾನು ನೋಟೊ ಸೆರಿಫ್ ಕನ್ನಡ ಬಳಸುತ್ತೇನೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫೈಲು ಇದ್ದರೆ, ಇಂಥ ಫಾಂಟಿಗೆ ಮೊದಲು ಯೂನಿಕೋಡ್‌ಗೆ ತಿರುಗಿಸಲೇಬೇಕು.

ಇನ್ನೊಂದು. ಪುಟದ ಅಳತೆ, ಅಂಚು ಹೇಳುವ ‘ಸೆಟ್ ಪೇಜ್’ ಆದೇಶ ಫೈಲಿನ ತಲೆಯಲ್ಲೇ ಇರಲಿ. ನಾನು ನಡುವೆ ಹಾಕಿ, ಪುಟ ಯಾಕೆ ಒಡೆಯುತ್ತಿದೆ ಅಂತ ಒಂದು ಸಂಜೆಯೆಲ್ಲ ತಲೆ ಕೆರೆದುಕೊಂಡಿದ್ದೆ. ಅಲ್ಲಿ ಅದು ಹೊಸ ಪುಟವನ್ನೇ ಶುರು ಮಾಡುತ್ತದೆ. ಶೀರ್ಷಿಕೆಗಳಿಗೆ ಬೇರೆ ಫಾಂಟ್ ಬೇಕಿದ್ದರೆ ‘ಶೋ ಹೆಡಿಂಗ್’ ಜೊತೆ ‘ಸೆಟ್ ಟೆಕ್ಸ್ಟ್’ ಸೇರಿಸಿ.