ಬೈಲಾ ಬಿಡಿ, ಮೊದಲು ಸದಸ್ಯರ ಪುಸ್ತಕ ತೆಗೆಯಿರಿ

ಎಲ್‌ಜಿಬಿಟಿ ಸಂಘ, ಏಳು ವರ್ಷದಿಂದ ಒಬ್ಬರೇ ಅಧ್ಯಕ್ಷರು, ಲೆಕ್ಕ ಕೇಳಿದರೆ ಮುನಿಸು, ಬೈಲಾ, ಅಂದರೆ ಸಂಘದ ನಿಯಮಾವಳಿ, ತಿದ್ದಿ ಅವರನ್ನು ಇಳಿಸಬಹುದಾ ಅಂತ ನಿಮ್ಮ ಪ್ರಶ್ನೆ. ಓದಿ, ನೀವು ನಮ್ಮ ಸಂಘದವರೇ ಇರಬೇಕು ಅನ್ನಿಸಿತು.

ನಮ್ಮದು ಮಡಿಕೇರಿಯದ್ದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ, ಪರಿಹಾರ ಕೇಂದ್ರದಲ್ಲಿ ಗಂಡಸರ ಕಡೆ ಮಲಗಬೇಕೋ ಹೆಂಗಸರ ಕಡೆಯೋ ತಿಳಿಯದೆ ಹೊರಗೇ ನಿಂತಿದ್ದ ಟ್ರಾನ್ಸ್ ಹುಡುಗಿಯರನ್ನು ಒಬ್ಬರು ತಮ್ಮ ಬಾಡಿಗೆ ಮನೆಗೆ ಕರೆತಂದರು. ನಮಗೆಲ್ಲ ಅವರು ಅಕ್ಕ. ಮರು ತಿಂಗಳು 6ನೇ ತಾರೀಕು ಸುಪ್ರೀಂ ಕೋರ್ಟಿನಿಂದ 377ನೇ ಕಲಮಿನ ತೀರ್ಪು ಬಂತು, ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ. ಆ ಧೈರ್ಯದಲ್ಲಿ ಸಂಘ ನೋಂದಣಿ ಮಾಡಿಸಿದೆವು. ಅಕ್ಕ ಅಧ್ಯಕ್ಷೆ, ನಾನು ಕಾರ್ಯದರ್ಶಿ.

ನಾನು ಎಡವಿದ್ದು ಅಲ್ಲೇ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ 7 ಜನ ಇದ್ದರೆ ಸಾಕು. ಸರಿಯಾಗಿ 7 ಸಹಿ ಹಾಕಿಸಿದೆ: ಅಕ್ಕ, ಅಕ್ಕನ ಮನೆಯಲ್ಲೇ ಇದ್ದ ನಾಲ್ವರು, ನಾನು, ನನ್ನ ಗೆಳೆಯ. ಆಮೇಲೆ ಬಂದ ಯಾರ ಹೆಸರನ್ನೂ ಸದಸ್ಯರ ಪುಸ್ತಕದಲ್ಲಿ ಬರೆಯಲಿಲ್ಲ. ಹೆದರಿಕೆ. ಕೊಡಗಿನಲ್ಲಿ ಮನೆಹೆಸರು ಬರೆದರೆ ಮುಗೀತು, ಯಾವ ಊರು, ಯಾರ ಮಗ ಎಲ್ಲ ಗೊತ್ತಾಗುತ್ತದೆ. ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಯ, ಹುಡುಗರ ಹೆಸರು ಮೇಸ್ತ್ರಿ ಕಿವಿಗೆ ಬಿದ್ದರೆ ಕೆಲಸವೇ ಹೋದೀತು. ಅದಕ್ಕೇ ‘ನೀವೆಲ್ಲ ಸದಸ್ಯರೇ’ ಅಂತ ಬಾಯಲ್ಲಿ ಹೇಳಿ ಸುಮ್ಮನಾದೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ!

ನಾಲ್ಕು ವರ್ಷಕ್ಕೆ ಲೆಕ್ಕದ ವಿಷಯಕ್ಕೆ ಅಕ್ಕನ ಜೊತೆ ಜಗಳ ಬಂತು. ಒಂದು ಮಳೆಯ ಭಾನುವಾರ 38 ಜನ ಕೈ ಎತ್ತಿ ಹೊಸ ಅಧ್ಯಕ್ಷರನ್ನು ಆರಿಸಿದೆವು. ನೋಂದಣಿ ಕಚೇರಿಗೆ ಹೋದರೆ ಕೇಳಿದ್ದು ಒಂದೇ, ಸದಸ್ಯರ ಪುಸ್ತಕ ಎಲ್ಲಿ? 38ರಲ್ಲಿ ಪುಸ್ತಕದಲ್ಲಿ ಹೆಸರಿದ್ದು ಮತ ಇದ್ದದ್ದು ನನಗೆ, ನನ್ನ ಗೆಳೆಯನಿಗೆ. ಅಷ್ಟೇ. ರಾತ್ರಿ ಎರಡಕ್ಕೆ ಫೋನ್ ಎತ್ತಿದವರು, ಪೊಲೀಸ್ ಸ್ಟೇಷನ್‌ಗೆ ಅಲೆದವರು ಕಾಗದದ ಮೇಲೆ ಯಾರೂ ಅಲ್ಲ. ಹಲವರು ಅವತ್ತೇ ಬಿಟ್ಟು ಹೋದರು. ಕೆಲವರು ಈಗಲೂ ಪೇಟೆಯಲ್ಲಿ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ವರ್ಷ ವರ್ಷ ಕಚೇರಿಗೆ ಕೊಡುವುದು ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ. ಸದಸ್ಯರ ಪುಸ್ತಕ ನಮ್ಮ ಬೀರುವಿನಲ್ಲೇ ಇರುವಂಥದ್ದು. ಒಂದು ಬೀಗ ಹಾಕಿದ್ದರೆ ಸಾಕಿತ್ತು.

ಬೈಲಾ ತಿದ್ದುವುದು ಆಮೇಲೆ. ನಮ್ಮ ಬೈಲಾದಲ್ಲಿ ಅಧ್ಯಕ್ಷರಿಗೆ ಎರಡೇ ವರ್ಷ ಅಂತ ಮೊದಲಿಂದಲೂ ಇತ್ತು. ಯಾರೂ ಓದಿರಲಿಲ್ಲ, ಬರೆದ ನಾನೂ ಸೇರಿ.

ಇನ್ನು ‘ಇಳಿಸುವುದು’ ಅನ್ನುವ ಮಾತೇ ನನಗೆ ಹಿಡಿಸುವುದಿಲ್ಲ. ಅಕ್ಕ ಕಳ್ಳಿ ಅಲ್ಲ. ಬಳೆ ಅಡವಿಟ್ಟು ಸಂಘದ ಬಾಡಿಗೆ ಕಟ್ಟಿದವರು. ಆಮೇಲೆ ಸಂಘದ ದುಡ್ಡು, ಅವರ ದುಡ್ಡು ಒಂದೇ ಡಬ್ಬಿಗೆ ಬಿತ್ತು. ನಾವು ಬರೀ ಲೆಕ್ಕ ಕೊಡಿ ಅಂದೆವು, ಅವರಿಗೆ ಎಷ್ಟು ಬರಬೇಕು ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ ಆ ಸಾಲವನ್ನು ಬರೆದು, ಸಭೆಯಲ್ಲಿ ಓದಿ ಒಪ್ಪಿಕೊಂಡೆವು. ಹೊಸ ಸದಸ್ಯರ ಅರ್ಜಿಗಳಿಗೆ ಅಕ್ಕ ಅವತ್ತೇ ಸಹಿ ಹಾಕಿದರು. ಈಗ ಚೆಕ್ಕಿಗೆ ಇಬ್ಬರ ಸಹಿ ಬೇಕು. ವಾರ್ಷಿಕ ಸಭೆ ಕಾಫಿ ಕೊಯ್ಲು ಮುಗಿದ ಮೇಲೆ, ತೋಟದವರೂ ಬರಲಿ ಅಂತ. ಸಂಘ ಅಕ್ಕನಿಗೆ ತೀರಿಸಬೇಕಾದ ಸಾಲದಲ್ಲಿ ಇನ್ನೂ ಮೂರು ಕಂತು ಬಾಕಿ ಇದೆ.