ಕೋವಿಡ್ ಇದ್ದಾಗ ಆಂಟಿಬಾಡಿ ಪಾಸಿಟಿವ್ ಬಂತು. ಅಪ್ಪ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳಬೇಕಾ?

ಒಂದೇ ರಿಪೋರ್ಟ್ ಹಿಡಿದು ಹಾಗೆ ಹೇಳಲು ಬರುವುದಿಲ್ಲ. ನಾನು ಡಾಕ್ಟರಲ್ಲ, ಮಡಿಕೇರಿಯ ಲ್ಯಾಬೊಂದರಲ್ಲಿ ಟೆಕ್ನಿಷಿಯನ್. ಜ್ವರ ಇರುವಾಗಲೇ ನಿಮ್ಮ ತಂದೆಯವರ ಕಾಲು ಊದಿ ರಕ್ತ ಹೆಪ್ಪುಗಟ್ಟಿತ್ತು, ಆಸ್ಪತ್ರೆಯಲ್ಲೇ ಲೂಪಸ್ ಆಂಟಿಕೊಯಾಗುಲೆಂಟ್ (ರಕ್ತ ಹೆಪ್ಪುಗಟ್ಟಿಸುವಂಥ ಆಂಟಿಬಾಡಿ ಇದೆಯಾ ಅಂತ ನೋಡುವ ಟೆಸ್ಟ್) ಪಾಸಿಟಿವ್ ಬಂತು ಅಂತ ಬರೆದಿದ್ದೀರಿ. ಟೆಸ್ಟ್ ಮಾಡಿಸಿದ ಸಮಯದಲ್ಲೇ ತೊಡಕಿದೆ.

ವೈರಸ್ ಮೈಗೆ ಹೊಕ್ಕಾಗ ಕೆಲವರಲ್ಲಿ ಸ್ವಂತ ಜೀವಕೋಶಗಳ ಕೊಬ್ಬಿನ ಪೊರೆಗೆ ಅಂಟಿಕೊಳ್ಳುವ ಆಂಟಿಬಾಡಿಗಳೂ ಹುಟ್ಟುತ್ತವೆ. 2020ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಆಸ್ಪತ್ರೆಗೆ ಸೇರಿದ್ದ 172 ಕೋವಿಡ್ ರೋಗಿಗಳ ರಕ್ತ ನೋಡಿದರು. ಸುಮಾರು ಅರ್ಧದಷ್ಟು ಜನರಲ್ಲಿ ಇವು ಇದ್ದವು. ಕೆಲವು ರೋಗಿಗಳ ಆಂಟಿಬಾಡಿ ತೆಗೆದು ಇಲಿಗಳಿಗೆ ಕೊಟ್ಟಾಗ ರಕ್ತನಾಳದಲ್ಲಿ ಹೆಪ್ಪು ಜಾಸ್ತಿಯಾಯಿತು. ಬಿಳಿ ರಕ್ತಕಣಗಳು ಕೆರಳಿ ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಎಸೆಯುತ್ತವೆ, ಅದರಲ್ಲಿ ರಕ್ತ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಆ ಪಾಸಿಟಿವ್ ಸುಳ್ಳೇ ಅಂತ ತಳ್ಳಿಹಾಕಬೇಡಿ.

ಆದರೆ ಸೋಂಕಿನಿಂದ ಬಂದ ಆಂಟಿಬಾಡಿಗಳು ಎಷ್ಟೋ ಸಲ ತಾವಾಗಿಯೇ ಮಾಯವಾಗುತ್ತವೆ. ಅದಕ್ಕೇ ಕನಿಷ್ಠ 12 ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಆಗಲೂ ಪಾಸಿಟಿವ್ ಬಂದರೆ ಮಾತ್ರ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಅಂತ ಕಾಯಿಲೆಯ ಹೆಸರು ಹೇಳುತ್ತಾರೆ.

ಈ ಟೆಸ್ಟ್ ಸೂಕ್ಷ್ಮ. ನೀಲಿ ಮುಚ್ಚಳದ ಟ್ಯೂಬಿಗೆ ಗೆರೆಯವರೆಗೆ ರಕ್ತ ತುಂಬಬೇಕು. ಪ್ಲೇಟ್‌ಲೆಟ್ ಉಳಿಯದಂತೆ ಯಂತ್ರದಲ್ಲಿ ಎರಡು ಸಲ ಜೋರಾಗಿ ತಿರುಗಿಸಿ, ಪ್ಲಾಸ್ಮಾ (ರಕ್ತದ ತಿಳಿ) ಫ್ರೀಜ್ ಮಾಡಿ ಮೈಸೂರಿಗೆ ಕಳಿಸುತ್ತೇವೆ. ದಾರಿಯಲ್ಲಿ ಕರಗಿದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತದೆ, ಮಳೆಗಾಲದಲ್ಲಿ ನಮಗೆ ಅದೇ ತಲೆನೋವು. ಹೆಪಾರಿನ್ ಇಂಜೆಕ್ಷನ್, ವಾರ್ಫರಿನ್, ರಿವರೊಕ್ಸಾಬಾನ್, ರಕ್ತ ತೆಳುವಾಗಿಸುವ ಇವೆಲ್ಲ ಫಲಿತಾಂಶ ಕೆಡಿಸಬಲ್ಲವು. ಜೋರು ಜ್ವರದಲ್ಲಿ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನ್ ಕೂಡ. ಏನು ತಗೊಳ್ಳುತ್ತಿದ್ದಾರೆ ಅಂತ ಚೀಟಿಯಲ್ಲೇ ಬರೆಸಿ. ಇದೇ ಗುಂಪಿನ ಆಂಟಿಬಾಡಿ ಹುಡುಕಲು ಇದರ ಜೊತೆ ಮಾಡುವ ಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ಟೆಸ್ಟ್‌ಗಳಿಗೆ ಮಾತ್ರೆಯ ಕಾಟವಿಲ್ಲ.

ಟೆಸ್ಟ್ ಸರಿ ಬರಲಿ ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಯಾವಾಗ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ, ಅದು ಡಾಕ್ಟರ ಲೆಕ್ಕ. ಮತ್ತೆ ಕಾಲು ಊದಿದರೆ ಅಂದೇ ತೋರಿಸಿ. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಕಾಫಿ ತೋಟಕ್ಕೆ ಹೋಗಬಹುದಾ ಅಂತಲೂ ಕೇಳಿದ್ದೀರಲ್ವಾ. ಅದನ್ನೂ ಡಾಕ್ಟರನ್ನೇ ಕೇಳಿ. ಹೋಗುವುದಾದರೆ ಜಿಗಣೆ ಹತ್ತದಂತೆ ಉದ್ದ ಕಾಲ್ಚೀಲ ಹಾಕಲಿ. ಜಿಗಣೆಯ ಜೊಲ್ಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ಮೇಲೆ ಈ ಮಾತ್ರೆಯೂ ಸೇರಿದರೆ ಗಾಯದ ರಕ್ತ ಬೇಗ ನಿಲ್ಲುವುದಿಲ್ಲ, ಬಟ್ಟೆ ಒತ್ತಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ.