ಒಂದು ರೂಪಾಯಿ ತಪ್ಪುಕಾಣಿಕೆ

ಶ್ರಾವಣ ಶನಿವಾರ, ನವರಾತ್ರಿ, ರಂಜಾನ್. ಹೆಸರು ಬೇರೆ ಬೇರೆ, ಪ್ರಕರಣ ಒಂದೇ: ಬಸುರಿಯ ಉಪವಾಸ. ಹಾಸನದಲ್ಲಿ ಊಟದ ಸಲಹೆಗೆ ನನ್ನ ಬಳಿ ಬರುವವರಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಅಂಥ ಒಬ್ಬ ಹುಡುಗಿಯ ಕಥೆ ಇದು, ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ಸಕಲೇಶಪುರದ ಕಡೆಯವಳು. ಏಳನೇ ತಿಂಗಳು. ಇದಕ್ಕೆ ಮೊದಲು ಎರಡು ಸಲ ಗರ್ಭ ಹೋಗಿತ್ತು. ಆಷಾಢದ ಸಂಕಷ್ಟಿಯ ರಾತ್ರಿ ತಲೆಸುತ್ತಿ ಬಿದ್ದಳು. ಬೆಳಗ್ಗೆ ಒಂದು ಲೋಟ ಕಾಫಿ, ಅದರ ಜೊತೆಗೇ ಕಬ್ಬಿಣದ ಮಾತ್ರೆ (ಕಾಫಿ ಜೊತೆ ನುಂಗಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ). ಆಮೇಲೆ ಚಂದ್ರನನ್ನು ನೋಡುವವರೆಗೆ ನೀರೂ ಇಲ್ಲ. ಆ ಮಳೆಯಲ್ಲಿ ಚಂದ್ರ ಎಲ್ಲಿಂದ ಬರಬೇಕು? ಹತ್ತೂವರೆವರೆಗೆ ಕಾದಿದ್ದಾಳೆ. ಮೂತ್ರದಲ್ಲಿ ಕೀಟೋನ್ (ಸಕ್ಕರೆ ಸಾಲದೆ ಮೈಯ ಕೊಬ್ಬು ಕರಗಿದಾಗ ಬರುವ ಅಂಶ) ಇತ್ತು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9.2, ಬಸುರಿಗೆ 11 ಆದರೂ ಇರಬೇಕು. ಡಾಕ್ಟರು ಬೈದರು. ಆಯ್ತು ಅಂದಳು. ಮುಂದಿನ ಸಂಕಷ್ಟಿ ಕದ್ದು ಮಾಡಿದಳು.

ನಾನೂ ನನ್ನ ಮಾಮೂಲಿ ಪಾಠ ಶುರುಮಾಡಿದೆ. ಮಗು ಸದಾ ತಾಯಿಯ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಊಟ ಬಿಟ್ಟರೆ ಬಸುರಿಗೆ ಬೇರೆಯವರಿಗಿಂತ ಬೇಗ ಸಕ್ಕರೆ ಇಳಿದು ಕೊಬ್ಬು ಕರಗತೊಡಗುತ್ತದೆ, ನೀರು ಕುಡಿಯದಿದ್ದರೆ ಹೊಟ್ಟೆ ಬಿಗಿದುಕೊಳ್ಳಬಹುದು.

"ಗೊತ್ತು ಮೇಡಂ. ಇಪ್ಪತ್ತೊಂದು ಸಂಕಷ್ಟಿ ಅಂತ ಹರಕೆ ಹೊತ್ತಿದೀನಿ. ಹನ್ನೊಂದನೇದಕ್ಕೆ ಈ ಬಸಿರು ನಿಂತಿತು. ಈಗ ಬಿಟ್ರೆ ಇದೂ ಹೋಗುತ್ತೆ."

ಅವಳಿಗಿದ್ದದ್ದು ಅಜ್ಞಾನವಲ್ಲ, ಭಯ. ನನ್ನ ಪಾಠ ಸುಮ್ನೆ ದಂಡ. ಹೊರಗೆ ಕೂತಿದ್ದ ಅತ್ತೆಯನ್ನು ಕರೆಸಿದೆ. ಒತ್ತಾಯ ಅವರದೇ ಇರಬೇಕು ಅಂತ ಅಂದುಕೊಂಡಿದ್ದೆ, ಹೇಳಲು ನಾಚಿಕೆಯಾಗುತ್ತದೆ. ಎಲ್ಲ ಕೇಳಿ ಅವರು ಸೊಸೆಗೆ ಅಂದದ್ದು ಇಷ್ಟು:

"ಅಲ್ಲ ಕಣೇ, ಹೊಟ್ಟೇಲಿರೋದು ಗಣಪತಿ ಕೊಟ್ಟಿದ್ದಲ್ವಾ? ಅದನ್ನ ಉಪವಾಸ ಕೆಡವಿದ್ರೆ ಅವನು ಮೆಚ್ತಾನಾ? ತಪ್ಪುಕಾಣಿಕೆ ಕಟ್ಟಿಡು. ಉಳಿದ ಮೂರು ಆಮೇಲೆ ತೀರಿಸಿದ್ರಾಯ್ತು."

ಪರ್ಸಿನಿಂದ ಒಂದು ರೂಪಾಯಿ ತೆಗೆದು, ಅಲ್ಲೇ ಸೊಸೆಯ ಸೆರಗಿನ ತುದಿಗೆ ಗಂಟು ಹಾಕಿದರು. ಹುಡುಗಿ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತಾ ಅತ್ತಳು. "ಆಮೇಲೆ ಅಂದ್ರೆ ಮಗು ಎದೆಹಾಲು ಬಿಟ್ಟ ಮೇಲೆ" ಅಂತ ನಾನು ಸೇರಿಸಿದೆ.

ಮೂಢನಂಬಿಕೆ ಅಂತ ನೇರವಾಗಿ ಹೇಳಬೇಕಿತ್ತು, ನೀವೇ ಕಾಣಿಕೆ ಕಟ್ಟಿಸೋದಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹೇಳಿದ್ದರೆ ಅದರ ಮುಂದಿನದನ್ನೂ ಕದ್ದು ಮಾಡುತ್ತಿದ್ದಳು, ಅಷ್ಟೆ. ರೋಜಾ ಹಿಡಿಯುವ ಬಸುರಿಯರಿಗೂ ನಾನು ಮೊದಲು ನೆನಪಿಸುವುದು ಅವರ ಧರ್ಮವೇ ಕೊಟ್ಟಿರುವ ವಿನಾಯಿತಿಯನ್ನು. ತಪ್ಪಿದ್ದನ್ನು ಆಮೇಲೆ ಹಿಡಿಯಬಹುದು.

ಸಂಕಷ್ಟಿಯ ದಿನ ಬೇಕಾದರೆ ಅನ್ನ ಬಿಡು ಅಂದೆ. ರಾಗಿ ಗಂಜಿ, ಅವಲಕ್ಕಿ, ಹೆಸರುಕಾಳು, ಹಾಲು, ಹಣ್ಣು ಎರಡು ಮೂರು ಗಂಟೆಗೊಮ್ಮೆ ಹೊಟ್ಟೆಗೆ ಬೀಳಲಿ. ನೀರಂತೂ ಬಿಡಲೇಬಾರದು. ಮಾತ್ರೆ ನಿಂಬೆಹಣ್ಣಿನ ಪಾನಕದ ಜೊತೆ. ಮಗುವಿನ ಮಿಸುಕಾಟ ಕಮ್ಮಿ ಅನ್ನಿಸಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ.

ಏಳುವಾಗ ಅತ್ತೆ, "ಅಲ್ಲಿವರೆಗೆ ಅವಳ ಬದಲು ನಾನೇ ಹಿಡೀತೀನಿ" ಅಂದರು.

"ಅಮ್ಮ, ನಿಮಗೆ ಶುಗರ್ ಇದೆಯಾ?"

ದಿನಕ್ಕೆ ಎರಡು ಮಾತ್ರೆಯಂತೆ. ಮೂವರೂ ಬಾಗಿಲ ಬಳಿ ಮೊಬೈಲ್ ನೋಡುತ್ತಾ ನಿಂತಿದ್ದ ಗಂಡನ ಕಡೆ ತಿರುಗಿದೆವು. ಈಗ ಸಂಕಷ್ಟಿ ಅವನದು. ಕಾಫಿ ಮಾತ್ರ ಬಿಟ್ಟಿಲ್ಲವಂತೆ.